ದಂಟಾದವರ ಲೆಕ್ಕ

ಡಿಕ್ಟಿಯೊಸ್ಟೀಲಿಯಮ್ ಡಿಸ್ಕೊಯ್ಡಿಯಮ್. ಹೆಸರು ಉದ್ದ, ಜೀವಿ ಮಾತ್ರ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಕಾಡಿನ ನೆಲದಲ್ಲಿ, ಕೊಳೆಯುವ ಎಲೆಗಳ ಕೆಳಗೆ, ಬ್ಯಾಕ್ಟೀರಿಯಾ ತಿಂದುಕೊಂಡು ಬದುಕುವ ಅಮೀಬಾ ಇದು. 1933ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಕಾಡೊಂದರಲ್ಲಿ ಕೆನೆತ್ ರೇಪರ್ ಎಂಬ ಯುವ ವಿಜ್ಞಾನಿಗೆ ಸಿಕ್ಕಿತು. 1935ರಲ್ಲಿ ಅವರು ಅದನ್ನು ವಿವರಿಸಿ ಹೆಸರಿಟ್ಟರು. (ಇದೇ ರೇಪರ್ ಮುಂದೆ ಎರಡನೇ ಮಹಾಯುದ್ಧದ ಕಾಲಕ್ಕೆ, ಪೆನಿಸಿಲಿನ್ ಹೆಚ್ಚು ಕೊಡುವ ಬೂಷ್ಟನ್ನು ಹುಡುಕುತ್ತಿದ್ದ ಪಿಯೋರಿಯಾ ಪ್ರಯೋಗಾಲಯದಲ್ಲಿದ್ದರು. ಆ ಬೂಷ್ಟು ಕೊನೆಗೆ ಸಿಕ್ಕಿದ್ದು ಒಂದು ಕೊಳೆತ ಕರಬೂಜದ ಹಣ್ಣಿನ ಮೇಲೆ.)

ಈ ಅಮೀಬಾ ಶಿಲೀಂಧ್ರವಲ್ಲ. ಆದರೆ ದಂಟು, ದಂಟಿನ ತುದಿಯಲ್ಲಿ ಬೀಜಕಗಳ ಗುಂಡು ಎಂದು ಮೇಲ್ನೋಟಕ್ಕೆ ಬೂಷ್ಟಿನ ಹಾಗೇ ಕಾಣುವುದರಿಂದ ಬಹಳ ಕಾಲ ಶಿಲೀಂಧ್ರತಜ್ಞರ ಕೈಯಲ್ಲೇ ಇತ್ತು. ಸ್ಲೈಮ್ ಮೋಲ್ಡ್ ಅನ್ನುವ ಹೆಸರು ಅಲ್ಲಿಂದ ಬಂದದ್ದು. ಲೋಳೆ ಬೂಷ್ಟು ಎಂದುಕೊಳ್ಳೋಣ. ಪಿಯುಸಿಯಲ್ಲಿ ನಾವೆಲ್ಲ ಪ್ರೊಟಿಸ್ಟಾ ಎಂಬ ಪಾಠದಲ್ಲಿ ಇದರ ಬಗ್ಗೆ ಎರಡು ಸಾಲು ಓದಿ ಎರಡು ಅಂಕ ತೆಗೆದುಕೊಂಡು ಮರೆತಿದ್ದೇವೆ. ನಾನಂತೂ ಮರೆತಿದ್ದೆ. ಎಂಟೆಕ್‌ ಮಾಡುವಾಗ ಮತ್ತೆ ಎದುರಾಯಿತು. ನಾಯಕನಿಲ್ಲದೆ ಸಾವಿರಾರು ಘಟಕಗಳು ಒಂದೆಡೆ ಸೇರುವುದು ಹೇಗೆ ಎಂಬುದಕ್ಕೆ ಉದಾಹರಣೆಯಾಗಿ ಮೇಷ್ಟ್ರು ಇದನ್ನು ಹೇಳಿದ್ದರು. ಗುಂಪಿನಲ್ಲಿ ಒಂದು ಮುಖ್ಯ ಕೋಶವಿದ್ದು ಅದೇ ಎಲ್ಲರನ್ನೂ ಕರೆಯುತ್ತದೆ ಎಂದು ಮೊದಲು ಹಲವರು ನಂಬಿದ್ದರು. ಅಂಥ ಮುಖ್ಯಸ್ಥ ಬೇಕಾಗಿಯೇ ಇಲ್ಲ ಎಂದು 1970ರಲ್ಲಿ ಎವೆಲಿನ್ ಫಾಕ್ಸ್ ಕೆಲರ್ ಮತ್ತು ಲೀ ಸೀಗಲ್ ಗಣಿತದಿಂದ ತೋರಿಸಿದರು. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಹೊಟ್ಟೆ ಹೊರೆಯುವ ನನಗೆ ಇದು ಅಷ್ಟೇನೂ ಹಿತವಾದ ಸುದ್ದಿಯಲ್ಲ.

ಅದರ ಕತೆ ಹೀಗೆ. ಊಟ ಇರುವವರೆಗೆ ಪ್ರತಿ ಅಮೀಬಾ ಒಂಟಿ. ತಿನ್ನುತ್ತದೆ, ಎರಡಾಗುತ್ತದೆ, ಯಾರ ಗೊಡವೆಯೂ ಇಲ್ಲ. ಬ್ಯಾಕ್ಟೀರಿಯಾ ಮುಗಿದು ಹಸಿವು ಶುರುವಾದಾಗ ಕೋಶಗಳು ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕವನ್ನು ಹೊರಬಿಡತೊಡಗುತ್ತವೆ. ಸುಮಾರು ಆರು ನಿಮಿಷಕ್ಕೊಂದು ಅಲೆ. ಅಲೆ ತಾಗಿದ ಕೋಶ ಆ ಕಡೆಗೆ ತೆವಳುತ್ತದೆ, ತಾನೂ ಒಂದು ಅಲೆ ಬಿಡುತ್ತದೆ. ಕೆಲವು ಗಂಟೆಗಳಲ್ಲಿ ಹಳ್ಳಗಳು ಹೊಳೆ ಸೇರುವ ಹಾಗೆ ಸಾಲುಸಾಲಾಗಿ ಬಂದು ಒಂದು ಗುಡ್ಡೆಯಾಗುತ್ತವೆ. ಒಂದು ಲಕ್ಷದವರೆಗೂ ಕೋಶಗಳು ಸೇರುವುದುಂಟು. ಗುಡ್ಡೆ ಮಲಗಿ, ಎರಡು-ಮೂರು ಮಿಲಿಮೀಟರ್ ಉದ್ದದ ಲೋಳೆಹುಳುವಿನಂತೆ ಬೆಳಕಿನ ಕಡೆಗೆ ಹರಿಯುತ್ತದೆ. ತಕ್ಕ ಜಾಗ ಸಿಕ್ಕಾಗ ನಿಂತು ಎದ್ದೇಳುತ್ತದೆ. ಆಗ ಆ ಸಮೂಹದ ಸುಮಾರು ಐದನೇ ಒಂದು ಪಾಲು ಕೋಶಗಳು ಒಂದು ಸಣ್ಣ ಕೊಳವೆಯೊಳಗೆ ಇಳಿಯುತ್ತವೆ. ಅಲ್ಲಿ ಉಬ್ಬಿಕೊಂಡು, ಸುತ್ತ ಸೆಲ್ಯುಲೋಸಿನ ಗೋಡೆ ಕಟ್ಟಿಕೊಂಡು, ಸಾಯುತ್ತವೆ. ಅವುಗಳ ಹೆಣವೇ ದಂಟು. ಉಳಿದ ನಾಲ್ಕು ಪಾಲು ಆ ದಂಟಿನ ಮೇಲೇರಿ ಬೀಜಕಗಳಾಗುತ್ತವೆ. ದಾಟಿ ಹೋಗುವ ಯಾವುದೋ ಹುಳದ ಮೈಗೆ ಅಂಟಿಕೊಂಡು ಊಟವಿರುವ ಇನ್ನೊಂದು ಕಡೆಗೆ ಹೋಗುತ್ತವೆ. ಹಸಿವಿನಿಂದ ಬೀಜಕದವರೆಗೆ ಎಲ್ಲ ಸೇರಿ ಸುಮಾರು ಇಪ್ಪತ್ತನಾಲ್ಕು ಗಂಟೆಯ ಕೆಲಸ.

ಎತ್ತರ ಎಷ್ಟು ಸಿಕ್ಕಿತು? ಒಂದೆರಡು ಮಿಲಿಮೀಟರ್.

ಜೀವಶಾಸ್ತ್ರಜ್ಞರು ಇದಕ್ಕೆ ಆಲ್ಟ್ರುಯಿಸಂ ಅನ್ನುತ್ತಾರೆ. ನಮ್ಮಲ್ಲಿ ಪರಹಿತ ಎನ್ನಬಹುದು, ತ್ಯಾಗ ಎನ್ನಬಹುದು. ತಾನು ಮರಿ ಮಾಡದೆ ಸತ್ತು ಇನ್ನೊಬ್ಬರ ಮರಿಗಳನ್ನು ಉಳಿಸುವ ಗುಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟುತ್ತದೆ ಎಂಬುದು ಡಾರ್ವಿನ್‌ ಕಾಲದಿಂದ ಬಂದ ತಲೆನೋವು. 1964ರಲ್ಲಿ ಹ್ಯಾಮಿಲ್ಟನ್ ಕೊಟ್ಟ ಉತ್ತರ ರಕ್ತಸಂಬಂಧದ್ದು. ಸಾಯುವವನಲ್ಲಿರುವ ಜೀನೇ ಉಳಿಯುವವನಲ್ಲೂ ಇದ್ದರೆ ಲೆಕ್ಕ ಸರಿಹೋಗುತ್ತದೆ. ಕೊನೆಗಾಲಕ್ಕೆ ಭಾರತಕ್ಕೆ ಬಂದು ಇಲ್ಲಿಯವರೇ ಆಗಿಹೋದ ಜೆ. ಬಿ. ಎಸ್. ಹಾಲ್ಡೇನ್ ಇಬ್ಬರು ಒಡಹುಟ್ಟಿದವರಿಗಾಗಿಯೋ ಎಂಟು ಮಂದಿ ದಾಯಾದಿಗಳಿಗಾಗಿಯೋ ಪ್ರಾಣ ಕೊಡಲು ಸಿದ್ಧ ಎಂದು ತಮಾಷೆ ಮಾಡಿದ್ದರು ಎಂಬ ಮಾತು ಪ್ರಸಿದ್ಧ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಗಣಿತ ಹೊಸದಲ್ಲ.

ತ್ಯಾಗವಿದ್ದಲ್ಲಿ ಮೋಸವೂ ಇರಲೇಬೇಕು. 2000ದಲ್ಲಿ ಜೋನ್ ಸ್ಟ್ರಾಸ್‌ಮನ್, ಯಾಂಗ್ ಝು ಮತ್ತು ಡೇವಿಡ್ ಕ್ವೆಲರ್ ಬೇರೆಬೇರೆ ತಳಿಗಳನ್ನು ಬೆರೆಸಿ ನೋಡಿದರು. ಕೆಲವು ತಳಿಗಳು ಬೀಜಕಗಳಲ್ಲಿ ತಮ್ಮ ಪಾಲಿಗಿಂತ ಹೆಚ್ಚು ಹೊಡೆದುಕೊಂಡು ದಂಟಿನ ಕೆಲಸವನ್ನು ಜೊತೆಗಾರರಿಗೆ ಬಿಡುತ್ತಿದ್ದವು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ವಿವರಿಸಿದ ಇನ್ನೊಂದು ರೂಪಾಂತರಿ ತಳಿ ನನಗೆ ತುಂಬಾ ಇಷ್ಟ. ಬೇರೆಯವರ ಜೊತೆ ಬೆರೆಸಿದರೆ ಅದು ಹೆಚ್ಚಿನಂಶ ಬೀಜಕವೇ ಆಗುತ್ತದೆ. ಒಂಟಿಯಾಗಿ ಬಿಟ್ಟರೆ ಅದಕ್ಕೆ ಸರಿಯಾದ ದಂಟು ಕಟ್ಟಲೂ ಬರುವುದಿಲ್ಲ. ಇಂಥವರನ್ನು ನೀವೂ ಆಫೀಸಿನಲ್ಲಿ ಕಂಡಿರುತ್ತೀರಿ, ಮುಂದೆ ಹೇಳುವುದಿಲ್ಲ.

ಆದರೆ ಮೋಸಗಾರರ ಕತೆ ಸುಲಭದ ಕತೆ. ಮೋಸ ತಪ್ಪು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ನನ್ನನ್ನು ಕಾಡುವುದು ಮೋಸವೇ ಇಲ್ಲದ ಸಂದರ್ಭ. ಒಂದೇ ತಾಯಿಕೋಶದಿಂದ ಬಂದ ಒಂದು ಲಕ್ಷ ಅಮೀಬಾಗಳು, ಎಲ್ಲದರ ಜೀನೂ ಒಂದೇ. ಆಗಲೂ ಐದರಲ್ಲಿ ಒಂದು ದಂಟಾಗಲೇಬೇಕು. ಯಾವುದು?

ಇದಕ್ಕೆ ಉತ್ತರ ಗೊತ್ತಿದೆ, ಅಥವಾ ಸಾಕಷ್ಟು ಗೊತ್ತಿದೆ. ಹಸಿವು ಬಂದು ಬಡಿದ ಗಳಿಗೆಯಲ್ಲಿ ಕೋಶ ತನ್ನ ಬೆಳವಣಿಗೆಯ ಚಕ್ರದಲ್ಲಿ ಯಾವ ಹಂತದಲ್ಲಿತ್ತು ಎಂಬುದು ಒಂದು. ಆಗಷ್ಟೇ ವಿಭಜನೆಯಾಗಿ ಇನ್ನೂ ಚಿಕ್ಕದಾಗಿದ್ದ ಕೋಶಗಳು ದಂಟಿನ ಕಡೆ ವಾಲುತ್ತವೆ. ಬೆಳೆದು ಮುಂದಿನ ವಿಭಜನೆಗೆ ಹತ್ತಿರವಾಗಿದ್ದವು ಬೀಜಕದ ಕಡೆ ವಾಲುತ್ತವೆ. ಎರಡನೆಯದು ಊಟ. 1970ರ ದಶಕದಲ್ಲೇ ಒಂದು ಪ್ರಯೋಗ ನಡೆದಿತ್ತು. ಒಂದು ಗುಂಪನ್ನು ಗ್ಲೂಕೋಸ್ ಹಾಕಿ ಬೆಳೆಸಿದರು, ಇನ್ನೊಂದನ್ನು ಗ್ಲೂಕೋಸ್ ಇಲ್ಲದೆ. ಎರಡನ್ನೂ ಬೆರೆಸಿದಾಗ ಗ್ಲೂಕೋಸ್ ಉಂಡವು ಬೀಜಕಗಳಾದವು, ಉಣ್ಣದವು ದಂಟಾದವು. ಆ ಉಣ್ಣದವನ್ನೇ ಪ್ರತ್ಯೇಕವಾಗಿ ಬಿಟ್ಟರೆ ಅವುಗಳಲ್ಲೂ ನಾಲ್ಕು ಪಾಲು ಬೀಜಕಗಳಾಗುತ್ತವೆ. ಅಂದರೆ ದಂಟಾಗುವುದು ಅವುಗಳ ಸ್ವಭಾವವಲ್ಲ. ತಮಗಿಂತ ಚೆನ್ನಾಗಿ ಉಂಡವರ ಪಕ್ಕದಲ್ಲಿ ನಿಂತದ್ದಷ್ಟೇ ಅವುಗಳ ದೋಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯನವರ ತಂಡ ಇನ್ನೊಂದು ಸುಳಿವು ಹಿಡಿದಿತ್ತು. ಒಂಟಿ ಅಮೀಬಾ ಆಗಿದ್ದಾಗಲೇ ಕೋಶದೊಳಗೆ ಶೇಖರವಾಗಿರುವ ಕ್ಯಾಲ್ಸಿಯಂ ಎಷ್ಟೆಂದು ನೋಡಿದರೆ ಮುಂದೆ ಅದು ಯಾವ ಕಡೆ ವಾಲುತ್ತದೆ ಎಂದು ಅಂದಾಜು ಮಾಡಬಹುದು.

ಇನ್ನೂ ಒಂದು ವಿಷಯವಿದೆ. ಅದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಡಿಐಎಫ್ ಎಂಬ ಒಂದು ರಾಸಾಯನಿಕವಿದೆ. ಅದು ತಾಗಿದ ಕೋಶಗಳಲ್ಲಿ ಕೆಲವು ದಂಟಿನ ಹಾದಿ ಹಿಡಿಯುತ್ತವೆ. ಅದನ್ನು ತಯಾರಿಸುವುದು ಯಾರು? ಬೀಜಕಗಳಾಗಲು ಹೊರಟಿರುವ ಕೋಶಗಳು. ಅದಕ್ಕೆ ಹೆಚ್ಚು ಬೇಗ ಮಣಿಯುವವರು ಯಾರು? ಗ್ಲೂಕೋಸ್ ಇಲ್ಲದೆ ಬೆಳೆದ, ಬಡಕಲು ಕೋಶಗಳು.

ಇಲ್ಲಿ ನೀವು ನನ್ನನ್ನು ತಡೆಯಬೇಕು. ಅಮೀಬಾಕ್ಕೆ ಮನಸ್ಸಿಲ್ಲ, ಅದರ ಮೇಲೆ ಮನುಷ್ಯರ ಕತೆ ಹೊರಿಸಬೇಡಿ ಎನ್ನಬೇಕು. ಒಪ್ಪುತ್ತೇನೆ. ಈ ಹೊರಿಸುವ ಚಟ ಈಗ ಜಾಸ್ತಿಯಾಗಿದೆ. ಕಾಡಿನ ಮರಗಳು ಬೇರಿನ ಶಿಲೀಂಧ್ರಗಳ ಜಾಲದ ಮೂಲಕ ಮಾತಾಡಿಕೊಳ್ಳುತ್ತವೆ, ತಾಯಿಮರ ತನ್ನ ಮಕ್ಕಳಿಗೆ ಊಟ ಕಳಿಸುತ್ತದೆ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ಸುಜಾನ್ ಸಿಮಾರ್ಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗಿಡದ ಇಂಗಾಲ ಇನ್ನೊಂದಕ್ಕೆ ಹೋದದ್ದು ನಿಜವಾಗಿ ಅಳೆದು ಕಂಡದ್ದು. ಅಲ್ಲಿಂದ ತಾಯ್ತನದವರೆಗೆ ಕತೆ ಬೆಳೆದದ್ದು ಬೇರೆ ಮಾತು. 2023ರಲ್ಲಿ ಮೂವರು ತಜ್ಞರು, ಅವರಲ್ಲಿ ಆ ಪ್ರಯೋಗದಲ್ಲೇ ಕೈಜೋಡಿಸಿದ್ದ ಮೆಲನಿ ಜೋನ್ಸ್ ಕೂಡ ಒಬ್ಬರು, ಈ ದೊಡ್ಡ ದೊಡ್ಡ ಮಾತುಗಳಿಗೆ ಕಾಡಿನಿಂದ ಸಿಕ್ಕಿರುವ ಪುರಾವೆ ತೀರ ತೆಳುವಾದದ್ದು ಎಂದು ಬರೆದರು. ಆ ಬರಹ ಯಾವ ವಾಟ್ಸಾಪ್ ಗುಂಪಿಗೂ ಬಂದಂತಿಲ್ಲ.

ತತ್ವಶಾಸ್ತ್ರಜ್ಞ ಎಲಿಯಟ್ ಸೋಬರ್ ಮತ್ತು ಜೀವಶಾಸ್ತ್ರಜ್ಞ ಡೇವಿಡ್ ಸ್ಲೋನ್ ವಿಲ್ಸನ್ 1998ರ ತಮ್ಮ ಪುಸ್ತಕದಲ್ಲಿ ಇದನ್ನು ಅಚ್ಚುಕಟ್ಟಾಗಿ ಬಿಡಿಸಿಟ್ಟಿದ್ದಾರೆ. ವಿಕಾಸದ ಭಾಷೆಯಲ್ಲಿ ಪರಹಿತ ಎಂದರೆ ಫಲಿತಾಂಶ ಮಾತ್ರ. ಯಾರಿಗೆ ನಷ್ಟ, ಯಾರಿಗೆ ಲಾಭ, ಅಷ್ಟು ನೋಡಿದರೆ ಸಾಕು. ಮನಸ್ಸಿನ ಪರಹಿತ ಬೇರೆ. ಅಲ್ಲಿ ಉದ್ದೇಶ ಇರಬೇಕು, ಇನ್ನೊಬ್ಬರ ಒಳಿತನ್ನು ಅದಕ್ಕಾಗಿಯೇ ಬಯಸಿರಬೇಕು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇರಬೇಕಾಗಿಲ್ಲ. ಸಾಮಾನ್ಯವಾಗಿ ಇದನ್ನು ಅಮೀಬಾವನ್ನು ಮನುಷ್ಯ ಮಾಡಬೇಡಿ ಎಂಬ ಎಚ್ಚರಿಕೆಯಾಗಿ ಓದುತ್ತಾರೆ. ನನಗೆ ಇದರ ಇನ್ನೊಂದು ಮಗ್ಗುಲು ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮನುಷ್ಯರ ವಿಷಯದಲ್ಲೂ ನಾವು ನೋಡುವುದು ಫಲಿತಾಂಶವನ್ನೇ. ಯಾರಿಗೆ ನಷ್ಟವಾಯಿತು, ಯಾರಿಗೆ ಲಾಭವಾಯಿತು ಎಂದು ನೋಡುತ್ತೇವೆ. ಆಮೇಲೆ ನಷ್ಟವಾದವರ ಎದೆಯಲ್ಲಿ ಒಂದು ಉದಾತ್ತ ಉದ್ದೇಶವನ್ನು ನಾವೇ ತುಂಬಿ ಅದಕ್ಕೆ ತ್ಯಾಗ ಎಂದು ಹೆಸರಿಡುತ್ತೇವೆ. ಅವರನ್ನು ಕೇಳುವುದಿಲ್ಲ.

ನಮ್ಮ ಮನೆಯದೇ ಮಾತು. ವಿಜಯಪುರ ಜಿಲ್ಲೆಯ ಒಣಬೇಸಾಯದ ಊರು. ನಾನು ಪುಣೆಯಲ್ಲಿದ್ದೇನೆ, ಅಣ್ಣ ಊರಲ್ಲಿದ್ದಾನೆ, ಹೊಲ ನೋಡಿಕೊಳ್ಳುತ್ತಾನೆ. ಹೋದ ವರ್ಷ ಒಂದು ಮದುವೆಯಲ್ಲಿ ಹಿರಿಯರೊಬ್ಬರು ನಾಲ್ಕು ಮಂದಿಯ ನಡುವೆ ಅಣ್ಣನ ಬೆನ್ನು ತಟ್ಟಿ, ತಮ್ಮನ ಓದಿಗಾಗಿ ತನ್ನ ಓದು ತ್ಯಾಗ ಮಾಡಿದ ಎಂದು ಹೊಗಳಿದರು. ಅಣ್ಣ ತಟ್ಟೆಯಿಂದ ತಲೆಯೆತ್ತದೆ ಅಂದ: "ತ್ಯಾಗ ಗೀಗ ಏನಿಲ್ರೀ ಕಾಕಾ. ಆ ವರ್ಷ ಮಳಿ ಹೋತು, ಅಪ್ಪಗ ಆರಾಮ ಇದ್ದಿದ್ದಿಲ್ಲ. ನಾ ಹತ್ತನೇತ್ತ ಮುಗಿಸಿ ಮನ್ಯಾಗ ಕುಂತಿದ್ದೆ, ಇವಾ ಇನ್ನೂ ನಾಕನೇತ್ತ. ನೇಗಿಲಾ ಯಾರ ಕೈಗೆ ಬರಬೇಕು, ನನ್ನ ಕೈಗೆ ಬಂತು." ಕಾಕಾ ಅದನ್ನೂ ವಿನಯ ಎಂದೇ ತಿಳಿದು ಇನ್ನಷ್ಟು ಹೊಗಳಿದರು.

ಅದು ವಿನಯವಾಗಿರಲಿಲ್ಲ. ವರದಿಯಾಗಿತ್ತು. ಬರ ಬಂದು ಬಡಿದ ಗಳಿಗೆಯಲ್ಲಿ ಯಾರು ಯಾವ ಹಂತದಲ್ಲಿದ್ದರು ಎಂಬ ವರದಿ. ಎರಡು ವರ್ಷ ಮೊದಲು ಮಳೆ ತಪ್ಪಿದ್ದರೆ ಅವನು ಇನ್ನೂ ಶಾಲೆಯಲ್ಲಿರುತ್ತಿದ್ದ, ಹೊಲವನ್ನು ಲಾವಣಿಗೆ ಹಾಕುತ್ತಿದ್ದರು. ಐದಾರು ವರ್ಷ ತಡವಾಗಿ ತಪ್ಪಿದ್ದರೆ ಅವನು ಕಾಲೇಜು ದಾಟಿರುತ್ತಿದ್ದ. ಆಗ ಹತ್ತನೇತ್ತ ಮುಗಿಸಿ ಮನೆಯಲ್ಲಿ ಕೂತಿರುತ್ತಿದ್ದವನು ನಾನು.

ಇದು ತ್ಯಾಗವೋ ಚೀಟಿ ಎತ್ತಿದ ಹಾಗೋ ಎಂಬುದು ಬರೀ ಪದದ ಜಗಳವಲ್ಲ, ಇದರಿಂದ ಆಗುವ ವ್ಯತ್ಯಾಸ ದೊಡ್ಡದು. ಅವನು ಕೊಟ್ಟದ್ದು ದಾನ ಎಂದಾದರೆ ನಾನು ಮಾಡಬೇಕಾದದ್ದು ಕೃತಜ್ಞತೆ. ಹಬ್ಬಕ್ಕೆ ಹೊಸ ಬಟ್ಟೆ, ಕಾಲಿಗೆ ನಮಸ್ಕಾರ, ನಾಲ್ಕು ಮಂದಿಯಲ್ಲಿ ಒಳ್ಳೆಯ ಮಾತು. ಕೃತಜ್ಞತೆಗೆ ಅಳತೆಯಿಲ್ಲ, ಆದ್ದರಿಂದ ಎಷ್ಟು ಕಡಿಮೆ ಕೊಟ್ಟರೂ ಸಲ್ಲುತ್ತದೆ. ಅವನು ಕೊಡಲಿಲ್ಲ, ಅವನ ಪಾಲಿಗೆ ಹಾಗೆ ಬಂತು ಎಂದಾದರೆ ಅದು ನ್ಯಾಯದ ಮಾತು, ಲೆಕ್ಕದ ಮಾತು. ಇಬ್ಬರಿಗೂ ಸೇರಬೇಕಾದದ್ದರಲ್ಲಿ ಒಬ್ಬನಿಗೆ ಎಲ್ಲವೂ ಹೋಯಿತು, ಈಗ ಹಂಚಿಕೆ ಸರಿಮಾಡಬೇಕು. ನಮ್ಮಲ್ಲಿ ಋಣ ಎಂಬ ಒಳ್ಳೆಯ ಪದವಿದೆ. ಆದರೆ ಅದನ್ನೂ ನಾವು ಬಳಸುವುದು "ತೀರಿಸಲಾಗದ ಋಣ" ಎಂಬ ಜೋಡಿಯಲ್ಲೇ. ತೀರಿಸಲಾಗದು ಎಂದು ಒಮ್ಮೆ ಗದ್ಗದಿತರಾಗಿ ಹೇಳಿಬಿಟ್ಟರೆ ತೀರಿಸುವ ಕೆಲಸ ಉಳಿಯುವುದಿಲ್ಲ. ಬ್ಯಾಂಕಿನವರ ಹತ್ತಿರ ಯಾರೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ.

ತ್ಯಾಗ ಎಂಬ ಪದವನ್ನು ಹೆಚ್ಚಾಗಿ ಉಚ್ಚರಿಸುವವರು ಯಾರೆಂದು ಗಮನಿಸಿ. ದಂಟಾದವರಲ್ಲ. ಮೇಲೇರಿದವರು, ಅಥವಾ ಮೇಲೇರಿದವರ ಊಟದ ಪಂಕ್ತಿಯಲ್ಲಿ ಕೂತವರು. ಆ ಹೊಗಳಿಕೆ ಹಳೆಯದಕ್ಕೆ ಬಹುಮಾನವಾಗಿ ಅಷ್ಟೇ ಉಳಿಯುವುದಿಲ್ಲ, ಮುಂದಿನ ಮನೆಯ ಹಿರಿಮಗನ, ಮುಂದಿನ ಮನೆಯ ಅಕ್ಕನ ಕಿವಿಗೂ ಬೀಳುತ್ತದೆ. ಅದರಲ್ಲೂ ಬೇರೆ ದಾರಿಯಿಲ್ಲದವರ ಕಿವಿಗೆ ಬೇಗ ಬೀಳುತ್ತದೆ. ಡಿಐಎಫ್ ನೆನಪಾದದ್ದು ಅದಕ್ಕೇ. ಅಕ್ಕಂದಿರ ವಿಷಯದಲ್ಲಿ ಇದು ಇನ್ನೂ ಕಠೋರ. ಅವರಲ್ಲಿ ಎಷ್ಟೋ ಮಂದಿಗೆ ಹೊಗಳಿಕೆಯೂ ಇಲ್ಲ, ಅದು ಹಾಗೆಯೇ ಇರಬೇಕಾದದ್ದು ಎಂದು ಎಲ್ಲರೂ ತಿಳಿದಿರುತ್ತಾರೆ.

ಕಂಪನಿಗಳಲ್ಲೂ ಇದೇ ರಾಸಾಯನಿಕ ಬೇರೆ ಬಾಟಲಿಯಲ್ಲಿ ಸಿಗುತ್ತದೆ. ಜನರನ್ನು ತೆಗೆಯುವ ದಿನ ಯಾರು ಪ್ರಾಜೆಕ್ಟಿನಲ್ಲಿದ್ದರು, ಯಾರು ಒಂದು ಮುಗಿಸಿ ಇನ್ನೊಂದು ಸಿಗುವ ಮುಂಚೆ ಬೆಂಚಿನ ಮೇಲಿದ್ದರು ಎಂಬುದರ ಮೇಲೆ ಎಷ್ಟೋ ಹೆಸರುಗಳು ತೀರ್ಮಾನವಾಗುತ್ತವೆ. ನಾಲ್ಕು ವಾರದ ಹಿಂದೆಯೋ ಮುಂದೆಯೋ ಆಗಿದ್ದರೆ ಪಟ್ಟಿಯೇ ಬೇರೆ. ಮರುದಿನ ಉಳಿದವರಿಗೆ ಬರುವ ಮೇಲ್‌ನಲ್ಲಿ ಹೋದವರ ಕೊಡುಗೆಯನ್ನು ಸಂಸ್ಥೆ ಎಂದೂ ಮರೆಯದು ಎಂದಿರುತ್ತದೆ.

ಆದರೆ ಎಲ್ಲವನ್ನೂ ಚೀಟಿಗೆ ಒಪ್ಪಿಸಿಬಿಡುವುದೂ ನನಗೆ ಸರಿಕಾಣುವುದಿಲ್ಲ. ಇಲ್ಲಿ ರೇಪರ್ ಮತ್ತೆ ಬೇಕಾಗುತ್ತಾರೆ. 1940ರಲ್ಲಿ ಅವರು ಲೋಳೆಹುಳುವಿನ ಮೇಲೆ ಕಸಿ ಮಾಡುವ ಪ್ರಯೋಗಗಳನ್ನು ಪ್ರಕಟಿಸಿದರು. ಕೆಂಪು ಬಣ್ಣದ ಬ್ಯಾಕ್ಟೀರಿಯಾ ತಿನ್ನಿಸಿ ಕೆಂಪು ಹುಳುಗಳನ್ನು ಮಾಡಿಕೊಂಡು, ಒಂದರ ತಲೆ ಕತ್ತರಿಸಿ ಇನ್ನೊಂದಕ್ಕೆ ಕೂಡಿಸಿ, ಯಾವ ಭಾಗ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರು. ಮುಂಭಾಗದ ಕೋಶಗಳು ದಂಟಾಗುತ್ತವೆ, ಹಿಂಭಾಗದವು ಬೀಜಕಗಳಾಗುತ್ತವೆ. ಆದರೆ ಮುಂಭಾಗವನ್ನೇ ಕತ್ತರಿಸಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಬೀಜಕಗಳಾಗಬೇಕಿದ್ದ ಕೋಶಗಳಲ್ಲೇ ಕೆಲವು ದಂಟಿನ ಪಾತ್ರ ವಹಿಸಿಕೊಂಡು ಮತ್ತೆ ಅದೇ ಪ್ರಮಾಣದ ದಂಟು, ಗುಂಡು ಕಟ್ಟುತ್ತವೆ. ಅಂದರೆ ವಾಲುವಿಕೆ ಆರಂಭದಲ್ಲೇ ಇದೆ, ತೀರ್ಪು ಮಾತ್ರ ಕೊನೆಯವರೆಗೂ ಆಗಿರುವುದಿಲ್ಲ. ಕೊಳವೆಯೊಳಗೆ ಇಳಿದು ಗೋಡೆ ಕಟ್ಟಿಕೊಳ್ಳುವವರೆಗೆ ಹಿಂದಿರುಗುವ ದಾರಿ ತೆರೆದೇ ಇರುತ್ತದೆ.

ಮನುಷ್ಯನಿಗಂತೂ ಆ ದಾರಿ ದಿನವೂ ತೆರೆದಿರುತ್ತದೆ. ಮೊದಲ ವರ್ಷ ನೇಗಿಲು ಕೈಗೆ ಬಂತು, ಸರಿ. ಹತ್ತನೇ ವರ್ಷ? ಅಣ್ಣನ ಜೊತೆಯವರು ಹಲವರು ಹೊಲ ಬೀಳುಬಿಟ್ಟು ಸಾಂಗ್ಲಿಗೆ, ಮುಂಬೈಗೆ, ಗೋವಾಕ್ಕೆ ಹೋದರು. ಅವನೂ ಹೋಗಬಹುದಿತ್ತು. ನನ್ನ ಹಾಸ್ಟೆಲಿನ ದುಡ್ಡು ಕಳಿಸುವುದನ್ನು ಯಾವ ತಿಂಗಳಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ ಎಂಬುದು ಚೀಟಿಯಲ್ಲಿ ಬರೆದಿರಲಿಲ್ಲ. ಅವನನ್ನು ಬರೀ ಬರದ ಬಲಿ ಎಂದರೆ ಆ ಒಂದೊಂದು ತಿಂಗಳ ಮನಿಯಾರ್ಡರನ್ನೂ ಅವನಿಂದ ಕಿತ್ತುಕೊಂಡಂತೆ. ಬಹುಶಃ ಆರಂಭ ಅವನದಲ್ಲ, ಮುಂದುವರಿಕೆ ಅವನದು. ಹಾಗಾದರೆ ನ್ಯಾಯದ ಲೆಕ್ಕವೂ ಇದೆ, ಅದರ ಮೇಲೆ ಕೃತಜ್ಞತೆಯೂ ಇದೆ. ಎರಡನೆಯದನ್ನು ಕೊಟ್ಟು ಮೊದಲನೆಯದನ್ನು ವಜಾ ಮಾಡಿಕೊಳ್ಳಲಾಗದು. ನಮ್ಮ ಓರಗೆಯ ಎಷ್ಟೋ ಮನೆಗಳಲ್ಲಿ ಈಗ ಅಪ್ಪನ ಹೆಸರಿನ ಹೊಲದ ವಾಟ್ನಿಯ ಮಾತು ನಡೆಯುತ್ತಿದೆ, ನಮ್ಮಲ್ಲೂ ನಡೆಯುತ್ತಿದೆ. ಕಾಗದದ ಪ್ರಕಾರ ಇಬ್ಬರಿಗೂ ಸಮಪಾಲು. ನಾನು ಉಂಡ ಗ್ಲೂಕೋಸ್ ಯಾವ ಉತಾರದಲ್ಲೂ ಬರೆದಿಲ್ಲ. ನನ್ನ ಪಾಲಿನ ಹಕ್ಕು ಬಿಡುಗಡೆ ಪತ್ರ ಬರೆದುಕೊಡುವುದಾಗಿ ಹೇಳಿದ್ದೇನೆ. ಅದನ್ನು ಊರವರು ನನ್ನ ತ್ಯಾಗ ಎನ್ನತೊಡಗಿದ್ದಾರೆ ಎಂದು ಕೇಳಿ ನಗು ಬಂತು.

ಒಂದು ವಿಷಯ ಉಳಿಯಿತು. ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದೇ ರಕ್ತದವರ ಲೆಕ್ಕ. ನಂಜುಂಡಯ್ಯನವರ ಜೊತೆ ಸಂತೋಷ್ ಸಾಠೆ ಮೊದಲಾದವರು ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೈ ಕಾಡಿನ ಮಣ್ಣು ಮತ್ತು ಪ್ರಾಣಿಗಳ ಲದ್ದಿಯಿಂದ ಬೆಳೆದ ಲೋಳೆ ಬೂಷ್ಟುಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದ ಅಚ್ಚುಕಟ್ಟು ತಳಿಗಳಲ್ಲಿ ಕಾಣುವಂತೆ ಒಂದು ದಂಟಿಗೆ ಒಂದೇ ವಂಶ ಎಂಬ ನಿಯಮ ಕಾಡಿನಲ್ಲಿ ಕಾಣಲಿಲ್ಲ. ಒಂದೇ ದಂಟು-ಗುಂಡಿನಲ್ಲಿ ಬೇರೆಬೇರೆ ವಂಶದ ಕೋಶಗಳು ಬೆರೆತಿರುವುದು ಸಾಮಾನ್ಯವಾಗಿತ್ತು. ದಂಟಾಗಿ ಸತ್ತದ್ದು ಯಾರದೋ ವಂಶದ್ದು, ಮೇಲೇರಿದ್ದು ಇನ್ಯಾರದೋ ಇರಬಹುದು. ಹಾಲ್ಡೇನರ ಎರಡು-ಎಂಟರ ಗಣಿತ ಅಲ್ಲಿ ನೇರವಾಗಿ ನಡೆಯುವುದಿಲ್ಲ.

ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಬೆಳಿಗ್ಗೆ ಆರಕ್ಕೆ ಕಾರು ತೊಳೆಯುವ ದಂಪತಿ ಯಾದಗಿರಿ ಕಡೆಯವರು. ನಾವು ಕನ್ನಡದವರೆಂದು ತಿಳಿದ ಮೇಲೆ ನಮ್ಮ ಮನೆಯಾಕೆಯನ್ನು ಅಕ್ಕಾರ ಎನ್ನುತ್ತಾರೆ. ಈ ಕಟ್ಟಡ ಕಟ್ಟುವಾಗ ಇಟ್ಟಿಗೆ ಹೊತ್ತವರೂ ಅವರೇ. ಆಗ ಇದೇ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿದ್ದರಂತೆ. ಅವರು ನನಗೆ ರಕ್ತಸಂಬಂಧಿಗಳಲ್ಲವಾದ್ದರಿಂದ ಅವರು ಮಾಡಿದ್ದನ್ನು ಯಾವ ಮದುವೆಯಲ್ಲೂ ಯಾರೂ ತ್ಯಾಗ ಎನ್ನುವುದಿಲ್ಲ. ಅದಕ್ಕೆ ಕೂಲಿ ಎಂಬ ಪದವಿದೆ, ಕೊಟ್ಟು ಮುಗಿದಿದೆ. ಊರಲ್ಲಿ ಎರಡೆಕರೆ ತೊಗರಿ, ಅಜ್ಜ ಅಜ್ಜಿಯ ಜೊತೆ ಇಬ್ಬರು ಮಕ್ಕಳು. ದೊಡ್ಡವನು ಈ ಸಲ ಹತ್ತನೇತ್ತ. ಊರ ಕಡೆ ಮಳೆ ಏನಂತದ ಎಂದು ಆಕೆ ದಿನಾ ಫೋನಿನಲ್ಲಿ ವಿಚಾರಿಸುತ್ತಾಳೆ.